ಮುನ್ಯೇಕ ಎಂದರೆ ಮಣಿಕಟ್ಟು

ನಡುರಾತ್ರಿಯಲ್ಲಿ ಚಿಲಕ ಎತ್ತಿದ ಸದ್ದು. ಸವೆದ ಕಬ್ಬಿಣ ಸವೆದ ಕಬ್ಬಿಣವನ್ನು ತಾಕಿ ಬಿಟ್ಟಷ್ಟೇ. ಪಕ್ಕದಲ್ಲಿ ಮಲಗಿದ್ದ ಗಂಡ ಕದಲಲಿಲ್ಲ. ಅವನಿಗೆ ಕೇಳಿಸುವಂತೆಯೂ ಇರಲಿಲ್ಲ. ಅವರೀಗ ಇರುವ ಮೂರನೇ ಮಹಡಿಯ ಮನೆಯ ಯಾವ ಬಾಗಿಲಿಗೂ ಅಂಥ ಚಿಲಕವಿಲ್ಲ. ಅದು ಹಳೆಯ ಬಾಡಿಗೆ ಮನೆಯ ಗೇಟಿನದು. ಆ ಮನೆ ಬಿಟ್ಟು ವರ್ಷಗಳಾಗಿದ್ದವು. ಅವಳು ಕಣ್ಣು ಮುಚ್ಚಿಕೊಂಡು, ಮನಸ್ಸಿನಲ್ಲೇ ಎಡಗೈಯಿಂದ ಗೇಟನ್ನು ಒಂದಿಷ್ಟು ಮೇಲಕ್ಕೆತ್ತಿ ಬಲಗೈಯಿಂದ ಚಿಲಕ ಸರಿಸಿದಾಗ ಆ ಸದ್ದು ಬರುತ್ತಿತ್ತು. ಪ್ರತಿ ರಾತ್ರಿಯೂ ಬರುತ್ತಿತ್ತು.

ಅಲ್ಲಿಂದ ಮುಂದೆ ಕಾಲಿಗೆ ದಾರಿ ಗೊತ್ತಿತ್ತು. ಅಲುಗಾಡುವ ಮೆಟ್ಟಿಲನ್ನು ಬಿಟ್ಟು ಅದರ ಮೇಲಿನದಕ್ಕೆ ಹೆಜ್ಜೆ. ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತಿದ್ದುದರಿಂದ ಭುಜ ಕೊಟ್ಟು ತಳ್ಳಬೇಕು. ಹಾಲ್, ಹಾಲಿನಲ್ಲಿ ಗಂಡನ ಮೇಜು, ಎಡಕ್ಕೆ ಅವರ ಕೋಣೆ, ಬಲಕ್ಕೆ ಅಡುಗೆಮನೆ, ನಡುವೆ ಉದ್ದನೆಯ ಓಣಿಯಂಥ ಜಾಗ, ಅದರ ಕೊನೆಗೆ ಸಾಮಾನು ತುಂಬುವ ಕೋಣೆಯನ್ನೇ ಖಾಲಿ ಮಾಡಿ ಸುಣ್ಣ ಬಳಿದು ಮಾಡಿದ ಪುಟ್ಟ ಕೋಣೆ. ಅಲ್ಲಿ ಮಗು ಮಲಗಿರುತ್ತಿತ್ತು. ಅದರ ಒಂದು ಕೈ ಮಂಚದಿಂದ ಹೊರಗೆ ಇಳಿಬಿದ್ದಿರುತ್ತಿತ್ತು. ಅವಳು ಬಗ್ಗಿ, ಆ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು, ಹೊದಿಕೆಯ ಒಳಗೆ ಸೇರಿಸುತ್ತಿದ್ದಳು. ಕೈ ಬೆಚ್ಚಗಿರುತ್ತಿತ್ತು. ಮಗು ಏಳುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಅವಳಿಗೂ ಅಷ್ಟೇ ಬೇಕಿತ್ತು. ಅದಾದ ಮೇಲೆ ನಿದ್ದೆ ಬರುತ್ತಿತ್ತು.

ಮಗು ಜ್ವರದಲ್ಲಿ ಹೋಗಿತ್ತು. ಶಾಲೆಗೆ ಸೇರಿಸಲು ಚೀಲ ತಂದಿಟ್ಟಿದ್ದ ವರ್ಷ. ಫೋಟೋಗಳಿದ್ದವು, ಎಲ್ಲವೂ ಹಗಲಿನವು. ಬಾಚಿದ ತಲೆ, ಇಸ್ತ್ರಿ ಮಾಡಿದ ಫ್ರಾಕು, ಯಾರೋ 'ನಗು' ಎಂದು ಹೇಳಿದ್ದಕ್ಕೆ ನಕ್ಕ ನಗು. ಮಲಗಿದ್ದ ಮಗುವಿನ ಫೋಟೋ ಒಂದೂ ಇರಲಿಲ್ಲ. ಬೆಳಕು ಬಿದ್ದರೆ ಎಚ್ಚರವಾದೀತೆಂದು ತೆಗೆದಿರಲಿಲ್ಲ. ಹಾಗಾಗಿ ಮಲಗಿದ್ದ ಮಗು ಇದ್ದದ್ದು ಒಂದೇ ಕಡೆ, ಅವಳ ಕಣ್ಣಿನ ಒಳಗೆ. ಗಂಡ ಮಗುವಿನ ಮಾತೆತ್ತುತ್ತಿರಲಿಲ್ಲ. ಒಮ್ಮೆ ಮಾತ್ರ, ಮನೆ ಬದಲಾಯಿಸುವ ದಿನ, ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ ಹೇಳಿದ್ದ: "ನಂಗೆ ಜ್ಞಾಪಕ ಅನ್ನೋದು ಮೊದ್ಲಿಂದ್ಲೂ ಕಮ್ಮಿ. ಎಲ್ಲಾ ನಿನ್ ಹತ್ರಾನೇ ಇರ್ಲಿ."

ಅವಳು ಮೂಳೆ ಆಸ್ಪತ್ರೆಯೊಂದರ ಮುಂದಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಬಂದವರ ಹೆಸರು ಬರೆದುಕೊಂಡು, ಎಲ್ಲಿ ನೋವು, ಹೇಗೆ ಬಿದ್ದಿರಿ ಎಂದು ಕೇಳಿ, ಎಕ್ಸ್‌ರೇಗೋ ವೈದ್ಯರ ಬಳಿಗೋ ಕಳಿಸುವ ಕೆಲಸ. ಊರ ಹೊರಗೆ ದೊಡ್ಡ ಸೇತುವೆ ಕಟ್ಟಲು ಶುರುವಾದ ಮೇಲೆ ಸ್ಪ್ಯಾನಿಷ್ ಆಡುವ ಕೆಲಸಗಾರರು ಸಂಸಾರ ಸಮೇತ ಬಂದಿಳಿದರು. ಅವರು ಎತ್ತರಕ್ಕೆ ಕಟ್ಟಿದ ಸಾರುವೆಯ ಹಲಗೆಗಳಿಂದ ಬೀಳುತ್ತಿದ್ದರು. ಅವರ ಮಕ್ಕಳು ಗೋಡೆಗಳಿಂದ ಬೀಳುತ್ತಿದ್ದವು. ಬೀಳುವವರು ನೆಲಕ್ಕೆ ಕೈ ಊರುತ್ತಾರೆ. ಊರಿದಾಗ ಮುರಿಯುವುದು ಮಣಿಕಟ್ಟು.

ಆಸ್ಪತ್ರೆಯ ವ್ಯವಸ್ಥಾಪಕರು ಎಲ್ಲರನ್ನೂ ಕರೆದು ಹೇಳಿದರು: "ಕೌಂಟರಲ್ಲಿ ಕೂರೋರು ಆ ಭಾಷೆ ಕಲೀಬೇಕು. ಪರೀಕ್ಷೆ ಇಡ್ತೀವಿ. ಆಗದೆ ಇದ್ದೋರಿಗೆ ಏನೂ ತೊಂದ್ರೆ ಇಲ್ಲ, ಕೆಳಗೆ ಹಳೇ ಫೈಲುಗಳ ಕೋಣೇಲಿ ಕೆಲ್ಸ ಇದೆ."

"ನಾನು ಈಗ್ಲೇ ಕೆಳಗೆ ಹೋಗಿ ಧೂಳು ಒರೆಸ್ಕೊಂಡು ಬರ್ತೀನಿ," ಎಂದಳು ಅವಳ ಪಕ್ಕದ ಕುರ್ಚಿಯ ಹುಡುಗಿ. "ಅಕ್ಕಾ, ನಿಂಗೂ ಒಂದು ಕುರ್ಚಿ ಹಿಡಿದಿಡ್ಲಾ?"

ಅವಳು ನಕ್ಕಳು. ಆದರೆ ಕೆಳಗಿನ ಕೋಣೆಗೆ ಕಿಟಕಿ ಇರಲಿಲ್ಲ. ಅಲ್ಲಿ ಮಾತಾಡಲು ಯಾರೂ ಇರುವುದಿಲ್ಲ. ಮಾತಿಲ್ಲದ ಹಗಲು ತನ್ನನ್ನು ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಮಗು ಹೋದ ಹೊಸತರಲ್ಲಿ ಅಂಥ ಹಗಲುಗಳನ್ನು ಕಂಡಿದ್ದಳು.

ಪಾಠ ಹೇಳಲು ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಭಾಷೆಯ ಮೇಷ್ಟ್ರು ಎನ್ನುವುದಕ್ಕಿಂತ ನೆನಪಿನ ಮೇಷ್ಟ್ರು. ಸಂಜೆ ಕೆಲಸ ಮುಗಿದ ಮೇಲೆ ಪಟ್ಟಿ ಕಟ್ಟುವ ಕೋಣೆಯಲ್ಲೇ ಪಾಠ. ಹಸಿ ಪ್ಲಾಸ್ಟರಿನ ವಾಸನೆ, ಗೋಡೆಗೆ ಒರಗಿಸಿದ ಊರುಗೋಲುಗಳು, ಸ್ಟೂಲುಗಳ ಮೇಲೆ ಇವರು. ಪ್ಲಾಸ್ಟರ್ ಹಾಕುವವನೂ ಬಂದು ಕೂತಿದ್ದ. ಯಾವಾಗಲೂ ಕೈ ಬೆಳ್ಳಗಿರುತ್ತಿದ್ದುದರಿಂದ ಅವನನ್ನು ಎಲ್ಲರೂ ಸುಣ್ಣದಣ್ಣ ಎನ್ನುತ್ತಿದ್ದರು.

"ವಯಸ್ಸಾದ್ಮೇಲೆ ತಲೆಗೆ ಹತ್ತಲ್ಲ ಅಂತೀರಲ್ಲ," ಎಂದು ಶುರು ಮಾಡಿದರು ಮೇಷ್ಟ್ರು. "ಮಕ್ಕಳ ತಲೆಗೇನು ಗೋಂದು ಹಚ್ಚಿರತ್ತಾ? ಅವು ನಾಚಿಕೆ ಇಲ್ದೆ ಸಾವಿರ ಸಲ ತಪ್ಪು ಹೇಳ್ತವೆ ಅಷ್ಟೆ. ನಿಮಗೆ ಅಷ್ಟು ಪುರುಸೊತ್ತಿಲ್ಲ. ಆದ್ರೆ ನಾಚಿಕೆ ಬಿಡೋಕೆ ಪುರುಸೊತ್ತು ಬೇಕಾಗಿಲ್ಲ. ಮೇಜಿಗೆ ಅವರು ಮೇಸಾ ಅಂತಾರೆ. ನಿಮ್ಮನೆ ಮೇಜಿಗೆ ಮೀಸೆ ಬರಿಸಿ. ಸಣ್ಣ ಮೀಸೆ ಅಲ್ಲ, ನೆಲ ಗುಡಿಸೋ ಅಂಥದ್ದು. ಬೀಗದ ಕೈಗೆ ಯಾವೆ. ಬಾಗಿಲಲ್ಲಿ ಒಬ್ಬ ಮುದುಕನ್ನ ನಿಲ್ಸಿ, ಕೈ ತುಂಬ ಬೀಗದ ಕೈ ಹಿಡ್ಕೊಂಡು 'ಯಾವ? ಯಾವ?' ಅಂತಿರ್ಲಿ. ನೋವಿಗೆ ದೋಲೋರ್. ನೋವಿದ್ದ ಕಡೆ ಡೋಲು ಬಾರಿಸ್ತಿದೆ ಅಂದ್ಕೊಳ್ಳಿ."

"ಮಂಚಕ್ಕೆ ಏನಂತಾರೆ ಮೇಷ್ಟ್ರೇ?" ಎಂದಳು ಹುಡುಗಿ.

"ಕಾಮಾ."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಸುಣ್ಣದಣ್ಣ ತನ್ನ ಬಿಳಿ ಕೈಗಳನ್ನು ನೋಡಿಕೊಳ್ಳುತ್ತಾ ಮೆಲ್ಲಗೆ ಹೇಳಿದ: "ಅದಕ್ಕೆ ಚಿತ್ರ ಬೇಡ ಬಿಡಿ. ಹಾಗೇ ನೆನಪಿರತ್ತೆ."

ಹುಡುಗಿ ಸ್ಟೂಲಿನಿಂದ ಬೀಳುವಷ್ಟು ನಕ್ಕಳು. ಮೇಷ್ಟ್ರೂ ನಕ್ಕರು. "ನೋಡಿದ್ರಾ? ಈಗ ಯಾರಾದ್ರೂ ಮರೀತೀರಾ? ತಲೆಗೆ ಶಿಸ್ತು ಇಷ್ಟ ಇಲ್ಲ. ಅದಕ್ಕೆ ಅಸಹ್ಯ ಬೇಕು, ತಮಾಷೆ ಬೇಕು, ಇಲ್ಲಾ ಎದೆ ಧಸಕ್ ಅನ್ಬೇಕು. ಈಗ ಇನ್ನೊಂದು ವಿಷ್ಯ. ಈ ಚಿತ್ರಗಳನ್ನ ಗಾಳೀಲಿ ಬಿಟ್ರೆ ಹಾರಿ ಹೋಗ್ತವೆ. ಇಡೋಕೆ ಒಂದು ಮನೆ ಬೇಕು. ಕಣ್ಣು ಮುಚ್ಚಿಕೊಂಡು ಓಡಾಡಬಲ್ಲ ಮನೆ. ಬಾಗಿಲಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಒಂದೊಂದು ಪದ ಇಡ್ತಾ ಹೋಗಿ. ದಿನಾ ಒಂದು ಸುತ್ತು ಹಾಕಿ. ಅಷ್ಟೆ."

ಅವಳು ಮೊದಲು ಈಗಿನ ಮನೆಯನ್ನೇ ಹಿಡಿದಳು. ಆದರೆ ಆ ಮನೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಅದರ ಗೋಡೆಗಳು ಯಾವ ಬಣ್ಣ ಎಂದು ಕೇಳಿದರೂ ಎದ್ದು ನೋಡಿ ಹೇಳಬೇಕಿತ್ತು; ಅಷ್ಟು ವರ್ಷ ಇದ್ದೂ ಅವಳು ಅದರೊಳಗೆ ಬಂದಿರಲಿಲ್ಲ. ಎರಡನೇ ವಾರದ ಕೊನೆಗೆ ಮೇಷ್ಟ್ರು ಕೇಳಿದಾಗ ಅವಳಿಗೆ ನೆನಪಿದ್ದದ್ದು ಮಂಚವೊಂದೇ.

"ಅಕ್ಕಂಗೆ ಅದೊಂದೇ ಜ್ಞಾಪಕ ಇರೋದು," ಎಂದು ಹುಡುಗಿ ಕಿಚಾಯಿಸಿದಳು.

ಆ ರಾತ್ರಿ ಅವಳು ಹಳೆಯ ಮನೆಯ ಚಿಲಕ ಎತ್ತಿದಾಗ, ಮೆಟ್ಟಿಲ ಬಳಿ ನಿಂತು ಯೋಚಿಸಿದಳು. ಇಲ್ಲಿ ಒಂದಿಷ್ಟು ಪದ ಇಟ್ಟರೆ ಯಾರಿಗೇನು ನಷ್ಟ? ಒಳಗಲ್ಲ, ಹೊರಗೆ. ಬೀದಿಗೆ ಕಾಯೆ ಎನ್ನುತ್ತಾರೆ. ಬೀದಿಯ ತುಂಬ ಹಸಿರು ಕಾಯಿಗಳನ್ನು ಉರುಳಿಸಿದಳು. ಬಾಗಿಲಲ್ಲಿ ಬೀಗದ ಕೈ ಹಿಡಿದ ಮುದುಕನನ್ನು ನಿಲ್ಲಿಸಿದಳು. ಬೆಳಿಗ್ಗೆ ಎದ್ದಾಗ ಎರಡೂ ಹಾಗೇ ಇದ್ದವು. ಮುದುಕನ ಕೈ ನಡುಗುತ್ತಿತ್ತು. ಅದನ್ನು ಅವಳು ಹೇಳಿ ಮಾಡಿಸಿದ್ದಲ್ಲ, ತಾನಾಗಿಯೇ ಬಂದಿತ್ತು.

ಆಮೇಲೆ ಹಾಲ್. ಗಂಡನ ಮೇಜಿಗೆ ಮೀಸೆ ಬಂತು. ಕುರ್ಚಿಗೆ ಸಿಯಾ, ಸೀದ ಕುರ್ಚಿಯಿಂದ ಹೊಗೆ ಎದ್ದಿತು. ಅಡುಗೆಮನೆಯಲ್ಲಿ ಉಪ್ಪಿಗೆ ಸಾಲ್. ಉಪ್ಪಿನ ಹರಳುಗಳು ಶಾಲೆಯ ಮಕ್ಕಳಂತೆ ಸಾಲು ಕಟ್ಟಿ ನಿಂತವು. ಅಡುಗೆಮನೆಯ ಕಿಟಕಿಯಲ್ಲಿ ಸೂರ್ಯನಿಗೆ ಸೋಲ್. ಪಂದ್ಯ ಸೋತ ಸೂರ್ಯ ತಲೆಗೆ ಕೈ ಹೊತ್ತು ಕೂತ. ಒಂದು ರಾತ್ರಿ ಆ ಸೂರ್ಯನ ಮುಖ ನೋಡಿ ಅವಳು ಕತ್ತಲಲ್ಲಿ ಜೋರಾಗಿ ನಕ್ಕುಬಿಟ್ಟಳು. ಗಂಡ ಗಾಬರಿಯಿಂದ ಎದ್ದು ಕೂತ.

"ಏನಾಯ್ತೇ?"

"ಏನಿಲ್ಲ ರೀ. ಪಾಠ."

"ಇದೆಂಥ ಪಾಠಾನೇ ಮಾರಾಯ್ತಿ, ನಗಿಸೋದು? ನಮ್ಮ ಮೇಷ್ಟ್ರುಗಳು ಬರೀ ಅಳಿಸ್ತಿದ್ರು." ಅವನು ಮತ್ತೆ ಮಲಗಿದ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದ: "ನಗ್ತಿರು. ಚೆನ್ನಾಗಿರತ್ತೆ."

ಅವಳಿಗೂ ಚೆನ್ನಾಗಿತ್ತು. ಇಷ್ಟು ವರ್ಷ ಉಸಿರು ಹಿಡಿದು ಹಾದುಹೋಗುತ್ತಿದ್ದ ಕೋಣೆಗಳಲ್ಲಿ ಈಗ ಗದ್ದಲವಿತ್ತು. ಅದೆಲ್ಲವನ್ನೂ ದಾಟಿ ಕೊನೆಯ ಕೋಣೆಗೆ ಹೋದರೆ ಅಲ್ಲಿ ಮಾತ್ರ ಎಲ್ಲವೂ ಇದ್ದಂತೆಯೇ ಇತ್ತು. ಆ ಬಾಗಿಲಿನ ಹೊಸಿಲು ಅವಳು ಹಾಕಿಕೊಂಡ ಗೆರೆ. ಪದಗಳು ಇಲ್ಲಿಯವರೆಗೆ, ಇಲ್ಲಿಂದ ಮುಂದಕ್ಕೆ ಬರಿಗೈ.

ತರಗತಿಯಲ್ಲಿ ಅವಳು ಎಲ್ಲರಿಗಿಂತ ಮುಂದೆ ಹೋದಳು. ಮೂಳೆಗೆ, ಮೊಣಕೈಗೆ, ಪ್ಲಾಸ್ಟರಿಗೆ, ಬಿದ್ದದ್ದಕ್ಕೆ, ಎಲ್ಲದಕ್ಕೂ ಓಣಿಯ ಗೋಡೆಯಲ್ಲಿ ಜಾಗ ಸಿಕ್ಕಿತು. ಒಂದೇ ಒಂದು ಪದ ನಿಲ್ಲಲಿಲ್ಲ. ಎಲ್ಲಿಟ್ಟರೂ ಜಾರಿ ಹೋಗುತ್ತಿತ್ತು. ಅದು ಮಣಿಕಟ್ಟು, ಅವಳ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾದ ಪದ. ಒಬ್ಬ ಕೆಲಸಗಾರ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ಕೌಂಟರಿಗೆ ಬಂದಾಗ ಅವಳು ಧೈರ್ಯ ಮಾಡಿ ಅವನ ಭಾಷೆಯಲ್ಲೇ ಕೇಳಿದಳು. ಅವನು ಕಣ್ಣು ಕಣ್ಣು ಬಿಟ್ಟು, ಬಗ್ಗಿ, ತನ್ನ ಮೊಣಕಾಲನ್ನು ನೋಡಿಕೊಂಡ.

"ಕೈ ಮುರ್ಕೊಂಡು ಬಂದೋನಿಗೆ ಕಾಲೂ ಮುರಿದಿದೆ ಅಂದ್ಯಲ್ಲಕ್ಕಾ," ಎಂದಳು ಹುಡುಗಿ. "ಪಾಪ, ಕುಂಟ್ಕೊಂಡು ಹೋದ ನೋಡು."

ಪರೀಕ್ಷೆ ಹತ್ತಿರ ಬಂದಿತ್ತು. ಅವಳು ಪಾಠ ಮುಗಿದ ಮೇಲೆ ಉಳಿದುಕೊಂಡು ಮೇಷ್ಟ್ರನ್ನು ಕೇಳಿದಳು.

"ಮುನ್ಯೇಕ," ಎಂದರು ಅವರು ಚೀಲಕ್ಕೆ ಪುಸ್ತಕ ತುರುಕುತ್ತಾ. "ಸುಲಭ ಅಲ್ವಾ? ಮುನಿಸೇಕೆ ಅನ್ನಿ, ನಡುವಿನ ಸಕಾರ ನುಂಗಿಬಿಡಿ. ಇನ್ನೊಂದು ಮಜಾ ಇದೆ. ಅದೇ ಪದಕ್ಕೆ ಅವರಲ್ಲಿ ಬೊಂಬೆ ಅಂತಾನೂ ಅರ್ಥ. ಒಂದೇ ಏಟಿಗೆ ಎರಡು. ಮುನಿಸ್ಕೊಂಡಿರೋ ಒಂದು ಬೊಂಬೆ ಮಾಡ್ಕೊಳ್ಳಿ, ಅದರ ಮಣಿಕಟ್ಟು ಮುರಿದು ನೇತಾಡ್ತಿರ್ಲಿ."

"ಮಾಡ್ಕೊಂಡೆ ಸರ್. ಬೊಂಬೆ ಬರತ್ತೆ. ಆದ್ರೆ ಎಲ್ಲಿಟ್ರೂ ನಿಲ್ಲಲ್ಲ."

"ಹಾಗಾದ್ರೆ ಜಾಗ ಸರಿ ಇಲ್ಲ." ಅವರು ಅವಳ ಮುಖ ನೋಡದೆ, ಚೀಲದ ಜಿಪ್ಪಿನೊಂದಿಗೆ ಗುದ್ದಾಡುತ್ತಾ ಹೇಳಿದರು. "ನಿಮ್ಮ ಮನೇಲಿ ಏನಾದ್ರೂ ಆಗ್ಲೇ ನೇತಾಡ್ತಿರೋದು ಇರತ್ತೆ ನೋಡಿ. ದೀಪಾನೋ, ಟವೆಲ್ಲೋ. ನೀವು ಸತ್ರೂ ಮರೆಯಲ್ಲ ಅಂಥದ್ದು. ಅದರ ಮೇಲೆ ಕೂರಿಸಿ. ಗಟ್ಟಿ ಮೊಳೆಗೆ ಹಾಕಿದ್ದು ಬೀಳಲ್ಲ ತಾಯಿ."

ಅವಳು ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ಏನು ನೇತಾಡುತ್ತದೆ ಎಂದು ಯೋಚಿಸುವ ಅಗತ್ಯ ಅವಳಿಗಿರಲಿಲ್ಲ. ಯೋಚಿಸಬಾರದು ಎಂದುಕೊಳ್ಳುವುದಷ್ಟೇ ಇತ್ತು.

ಪರೀಕ್ಷೆಯ ಹಿಂದಿನ ರಾತ್ರಿ ಅವಳು ಎರಡು ಸಲ ಸುತ್ತು ಹಾಕಿದಳು. ಎಲ್ಲವೂ ಇತ್ತು, ಮಣಿಕಟ್ಟು ಇರಲಿಲ್ಲ. ಮೂರನೇ ಸಲ ಹೊಸಿಲಿನ ಬಳಿ ನಿಂತಳು. ಕೋಣೆಯಲ್ಲಿ ಮಗು ಮಲಗಿತ್ತು. ಕೈ ಇಳಿಬಿದ್ದಿತ್ತು. ಒಂದೇ ದಿನದ ಮಟ್ಟಿಗೆ, ಎಂದು ತನಗೆ ತಾನೇ ಹೇಳಿಕೊಂಡಳು. ನಾಳೆ ಪರೀಕ್ಷೆ ಮುಗಿದ ಕೂಡಲೇ ತೆಗೆದುಬಿಡುತ್ತೇನೆ. ಮಗುವನ್ನು ಮುಟ್ಟುವುದೇ ಇಲ್ಲ, ಅದರ ಪಕ್ಕದಲ್ಲಿ ಇಡುತ್ತೇನೆ. ಹಾಗೆಂದುಕೊಂಡೇ ಬೊಂಬೆಯನ್ನು ಒಳಗೆ ತಂದಳು. ಅಗ್ಗದ ಪ್ಲಾಸ್ಟಿಕ್ ಬೊಂಬೆ, ಊದಿದ ಕೆನ್ನೆ, ಉಬ್ಬಿಸಿಕೊಂಡ ತುಟಿ, ಬಾಗಿಲ ಕಡೆಗೇ ದುರುಗುಟ್ಟುವ ಕಣ್ಣು. ಮುನಿಸೇಕೆ? ಮಂಚದ ಅಂಚಿನಲ್ಲಿ ಮಲಗಿಸಿದಳು. ಅದರ ಮಣಿಕಟ್ಟು ಇಳಿಬಿದ್ದಿತು. ಚಿತ್ರ ಗಟ್ಟಿಯಾಗಿ ಕೂತಿತು. ಆ ರಾತ್ರಿ ಅವಳು ಯಾವ ಕೈಯನ್ನೂ ಹೊದಿಕೆಯೊಳಗೆ ಸೇರಿಸದೆ ನಿದ್ದೆ ಹೋದಳು.

ಪರೀಕ್ಷೆಯಲ್ಲಿ ಅವಳೇ ಮೊದಲು ಬಂದಳು. ಸುಣ್ಣದಣ್ಣ ಅಂಗೈ ಅಗಲದ ಪ್ಲಾಸ್ಟರ್ ಬಿಲ್ಲೆಯೊಂದನ್ನು ಮಾಡಿ ಅವಳ ಕೊರಳಿಗೆ ಪದಕದಂತೆ ಹಾಕಿದ. ಹುಡುಗಿಯೂ ಹೇಗೋ ಪಾಸಾಗಿದ್ದಳು. "ನಾನು ಉಳಿದಿದ್ದು ಮಂಚದಿಂದ," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಅದೇ ವಾರ ಒಬ್ಬ ತಾಯಿ ಮಗಳನ್ನು ಎತ್ತಿಕೊಂಡು ಓಡಿಬಂದಳು. ಆ ಮಗುವಿನ ಕೈ ಸೊಟ್ಟಗಾಗಿತ್ತು. ತಾಯಿ ಯಾರಿಗೂ ಅರ್ಥವಾಗದ ಮಾತುಗಳನ್ನು ಅಳುತ್ತಾ ಸುರಿಯುತ್ತಿದ್ದಳು. ಅವಳು ಕೌಂಟರ್ ಬಿಟ್ಟು ಹೊರಗೆ ಬಂದು, "ಮುನ್ಯೇಕ?" ಎಂದಳು. ತಾಯಿ ಥಟ್ಟನೆ ಅಳು ನಿಲ್ಲಿಸಿದಳು. "ಸೀ, ಸೀ, ಮುನ್ಯೇಕ," ಎಂದು ಹೌದೆಂಬಂತೆ ತಲೆಯಾಡಿಸುತ್ತಾ ಅವಳ ತೋಳು ಹಿಡಿದುಕೊಂಡಳು, ಮುಳುಗುವವರು ಹಿಡಿದುಕೊಳ್ಳುವಂತೆ. ಎಕ್ಸ್‌ರೇ ಕೋಣೆಯ ತನಕ ಬಿಡಲಿಲ್ಲ. ಅವಳಿಗೆ ಆ ಹಿಡಿತ ಹಿತವಾಗಿತ್ತು. ಯಾರೋ ಒಬ್ಬ ತಾಯಿಯ ಮಗು ಸರಿಹೋಗಲು ತನ್ನ ಬಾಯಿಂದ ಬಂದ ಒಂದು ಪದ ಸಾಕಾಯಿತಲ್ಲ ಎನಿಸಿತು.

ಪರೀಕ್ಷೆಯ ದಣಿವಿಗೆ ಕೆಲವು ರಾತ್ರಿ ತಾನಾಗಿಯೇ ನಿದ್ದೆ ಬಂದಿತ್ತು; ಅಂದು ರಾತ್ರಿ ಮತ್ತೆ ಚಿಲಕ ಎತ್ತಿ ಒಳಗೆ ಹೋದಳು. ಕಾಯಿಗಳನ್ನು, ಮುದುಕನನ್ನು, ಮೀಸೆಯನ್ನು ದಾಟಿದಳು. ಹೊಸಿಲು ದಾಟಿ ಬಗ್ಗಿ, ಇಳಿಬಿದ್ದ ಕೈಯನ್ನು ಹಿಡಿದಳು. ಕೈ ತಣ್ಣಗಿತ್ತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅಗ್ಗದ ಬೊಂಬೆಗಳಿಗೆ ಇರುವಂತೆ. ಮುಖ ನೋಡಿದಳು. ಉಬ್ಬಿಸಿಕೊಂಡ ತುಟಿ, ದುರುಗುಟ್ಟುವ ಕಣ್ಣು. ಪಕ್ಕದಲ್ಲಿ ಮಗು ಇರಬೇಕಾದ ಜಾಗ ನೋಡಿದಳು. ಹೊದಿಕೆ ಮಟ್ಟಸವಾಗಿತ್ತು.

ಅವಳು ಎದ್ದು ಕೂತು ನೀರು ಕುಡಿದಳು. ಪರೀಕ್ಷೆ ಮುಗಿದ ಮೇಲೆ ತೆಗೆಯುವುದನ್ನೇ ಮರೆತಿದ್ದೆ, ಅಷ್ಟೇ, ಎಂದುಕೊಂಡಳು. ಮತ್ತೆ ಗೇಟಿನಿಂದ ಹೊರಟು ಹೋಗಿ, ಬೊಂಬೆಯನ್ನು ಎತ್ತಿ ಹೊರಗೆ ಎಸೆದಳು. ತಿರುಗಿ ನೋಡಿದರೆ ಅದು ಮಂಚದ ಮೇಲಿತ್ತು. ಸುಟ್ಟಳು, ಸುಟ್ಟ ಬೊಂಬೆ ಮಂಚದ ಮೇಲಿತ್ತು, ಹೊಸ ಚಿತ್ರ ಹಳೆಯದಕ್ಕಿಂತ ಗಟ್ಟಿಯಾಗಿ. ಮಗುವಿನ ಮುಖವನ್ನು ಬಲವಂತವಾಗಿ ತಂದು ದಿಂಬಿನ ಮೇಲಿಟ್ಟಳು. ಬಂದದ್ದು ಫೋಟೋದ ಮುಖ. ಬಾಚಿದ ತಲೆ, ತೆರೆದ ಕಣ್ಣು, ಯಾರೋ ಹೇಳಿದ್ದಕ್ಕೆ ನಕ್ಕ ನಗು. ಹಾಗೆ ನಗುತ್ತಾ ಯಾವ ಮಗು ಮಲಗುತ್ತದೆ?

ಮೇಷ್ಟ್ರು ಬೇರೊಂದು ಕಚೇರಿಯಲ್ಲಿ ಪಾಠ ಹೇಳುತ್ತಿದ್ದರು. ಅವಳು ಕೆಲಸದಿಂದ ಬೇಗ ಹೊರಟು ಅಲ್ಲಿಗೆ ಹೋಗಿ, ತರಗತಿ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕಾದು ಕೂತಳು.

"ಓಹೋ, ನನ್ನ ಮೊದಲನೇ ನಂಬರ್!" ಎಂದರು ಮೇಷ್ಟ್ರು. "ಏನು ತಾಯಿ, ಇನ್ನೊಂದು ಭಾಷೆ ಬೇಕಾ?"

"ಸರ್, ಇಟ್ಟಿದ್ದನ್ನ ತೆಗೆಯೋದು ಹೇಗೆ?"

"ಎಲ್ಲಿಂದ?"

"ಮನೆಯಿಂದ. ಒಂದು ಚಿತ್ರ. ಒಂದೇ."

ಅವರು ನಕ್ಕರು, ಕೆಟ್ಟ ನಗುವಲ್ಲ. "ಇಷ್ಟು ವರ್ಷದಲ್ಲಿ ಯಾರೂ ಇದನ್ನ ಕೇಳಿರಲಿಲ್ಲ. ಎಲ್ಲಾ ಮರೆವು ಬೇಡ ಅಂತ ಬರೋರೇ." ಅವಳು ನಗದಿದ್ದುದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ತೆಗೆಯೋಕೆ ಹೋಗ್ಬೇಡಿ. ತೆಗೆಯೋಕೆ ಹೋದಾಗ್ಲೆಲ್ಲಾ ಮುಟ್ತೀರಿ, ಮುಟ್ಟಿದಷ್ಟೂ ಅದು ಗಟ್ಟಿ ಆಗತ್ತೆ. ಒಂದೇ ದಾರಿ. ಆ ಮನೆಗೆ ಹೋಗೋದು ಬಿಟ್ಬಿಡಿ. ಒಂದಷ್ಟು ತಿಂಗಳು ಕಾಲಿಡ್ಬೇಡಿ. ತಾನಾಗೇ ಮಸುಕಾಗತ್ತೆ."

"ಬೊಂಬೆ ಒಂದೇ ಮಸುಕಾಗತ್ತಾ? ಆ ಮನೇಲಿರೋ ಬೇರೆಯದು ಹಾಗೇ ಉಳಿಯತ್ತಾ?"

"ಅದು ಹೇಗೆ ಆಗತ್ತೆ? ಮನೆ ಹೋದ್ರೆ ಎಲ್ಲಾ ಹೋಯ್ತಲ್ಲ. ಬೇರೆ ಏನಿತ್ತು ಅಲ್ಲಿ, ಮುಖ್ಯದ್ದಾ? ಮುಖ್ಯದ ಪದಗಳಿದ್ರೆ ಮೊದ್ಲು ಬೇರೆ ಮನೆಗೆ ಸಾಗಿಸ್ಕೊಳ್ಳಿ."

"ಇಲ್ಲ ಸರ್," ಎಂದಳು ಅವಳು. "ಪದ ಏನಿರ್ಲಿಲ್ಲ."

ಅವಳು ಹೋಗದೆ ಇರಲು ನೋಡಿದಳು. ಚಿಲಕ ಮುಟ್ಟದೆ ಕಣ್ಣು ತೆರೆದುಕೊಂಡು ಮಲಗಿದಳು. ಆದರೆ ಕೌಂಟರಿನಲ್ಲಿ ದಿನವೂ ಯಾರಾದರೊಬ್ಬರು ಕೈಯನ್ನು ಎದೆಗೆ ಒತ್ತಿಕೊಂಡು ಬರುತ್ತಿದ್ದರು. ದಿನವೂ ಅವಳು ಆ ಪದ ಹೇಳಬೇಕಿತ್ತು. ಹೇಳಿದಾಗಲೆಲ್ಲಾ, ಬಾಯಿ ತೆರೆಯುವ ಮೊದಲೇ, ಮಂಚದ ಅಂಚಿನಿಂದ ಬೊಂಬೆ ಕಣ್ಣು ಬಿಡುತ್ತಿತ್ತು. ಪದ ಚಿತ್ರವಿಲ್ಲದೆ ನಾಲಿಗೆಗೆ ಬರಬೇಕು, ದಿನ ಕಳೆದರೆ ಹಾಗಾಗುತ್ತದೆ ಎಂದು ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿದ್ದರು. ಮೇಜಿಗೆ ಹಾಗಾಗಿತ್ತು, ಉಪ್ಪಿಗೆ ಹಾಗಾಗಿತ್ತು. ಮೀಸೆ ಯಾವಾಗಲೋ ಉದುರಿ ಹೋಗಿತ್ತು. ಇದೊಂದಕ್ಕೆ ಆಗಲಿಲ್ಲ. ಗಟ್ಟಿ ಮೊಳೆಗೆ ಹಾಕಿದ್ದು.

ಅವಳು ವ್ಯವಸ್ಥಾಪಕರ ಬಳಿ ಹೋಗಿ, ತನ್ನನ್ನು ಕೆಳಗಿನ ಫೈಲುಗಳ ಕೋಣೆಗೆ ಹಾಕಿ ಎಂದು ಕೇಳಿದಳು.

"ತಮಾಷೆ ಮಾಡ್ತಿದೀರಾ? ಫಸ್ಟ್ ಬಂದೋರು ನೀವು. ಸೇತುವೆಯವರು ಕೌಂಟರ್ ಹತ್ರ ಬಂದು ನಿಮ್ಮನ್ನೇ ಕೇಳ್ತಾರೆ. 'ಮುನ್ಯೇಕ ಅಮ್ಮ' ಅಂತ ಹೆಸ್ರಿಟ್ಟಿದಾರೆ, ಗೊತ್ತಾ?" ಅವರಿಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಅವಳಿಗೆ ಗೊತ್ತಿರಲಿಲ್ಲ. ಮುನ್ಯೇಕ ಅಮ್ಮ. ಬೊಂಬೆಯ ತಾಯಿ.

ಹಳೆಯ ಮನೆಗೆ ಹೋಗದೆ ಇದ್ದ ರಾತ್ರಿಗಳು ಕೂಡಿದಂತೆ ಒಳಗೆ ಬೇರೆಯದೇ ಕುಸಿಯತೊಡಗಿತು. ಮೆಟ್ಟಿಲಲ್ಲಿ ಯಾವುದು ಅಲುಗಾಡುತ್ತಿತ್ತು ಎಂಬುದು ಒಂದು ದಿನ ಸಿಗಲಿಲ್ಲ. ಅಡುಗೆಮನೆಯ ಕಿಟಕಿಯ ಹೊರಗೆ ಏನು ಕಾಣುತ್ತಿತ್ತು ಎಂಬುದು ಇನ್ನೊಂದು ದಿನ ಸಿಗಲಿಲ್ಲ; ಸೋತ ಸೂರ್ಯನೊಬ್ಬನೇ ಕಂಡ. ಮಗುವಿನ ಹೊದಿಕೆಯ ಮೇಲೆ ಹೂವಿತ್ತೋ ಚುಕ್ಕೆಯಿತ್ತೋ? ಅವಳು ಬೆದರಿ ಮತ್ತೆ ಚಿಲಕ ಎತ್ತಿದಳು. ಎಲ್ಲ ಮಸುಕಾಗಿತ್ತು. ಕೊನೆಯ ಕೋಣೆಯಲ್ಲಿ ಬೊಂಬೆಯ ಮೇಲೆ ಮಾತ್ರ ಬೆಳಕಿತ್ತು.

ಹೋದರೆ ಅದು. ಹೋಗದಿದ್ದರೆ ಏನೂ ಇಲ್ಲ. ಹೋಗುವುದೋ ಬಿಡುವುದೋ ಎಂದು ತೀರ್ಮಾನಿಸಲಾಗದೆ, ಎಷ್ಟೋ ರಾತ್ರಿ ಗೇಟಿನ ಹೊರಗೇ ನಿಂತು ಬೆಳಗು ಮಾಡಿದಳು.

ಗಂಡನಿಗೆ ಲಿಫ್ಟ್ ರಿಪೇರಿಯ ಕೆಲಸ. ಒಂದು ಸಂಜೆ ಅವನು ತಡವಾಗಿ ಬಂದ. ಬಚ್ಚಲಲ್ಲಿ ಕೈಗೆ ಹತ್ತಿದ ಗ್ರೀಸನ್ನು ಸೋಪಿನ ಪುಡಿ ಹಾಕಿ ತಿಕ್ಕುತ್ತಾ, ಬಾಗಿಲು ತೆರೆದೇ ಮಾತಾಡತೊಡಗಿದ. ಅವನಿಗೆ ಅಂಥ ಅಭ್ಯಾಸವಿರಲಿಲ್ಲ. ಅವಳು ತಟ್ಟೆ ಒರೆಸುತ್ತಾ ಕಿವಿ ಕೊಟ್ಟಳು.

"ಇವತ್ತು ಲಿಫ್ಟಲ್ಲಿ ಒಬ್ಬ ಸಿಕ್ಕಾಕ್ಕೊಂಡಿದ್ದ. ಭುಜದ ಮೇಲೆ ಮಗು. ನಾನು ಬಾಗಿಲು ಸೀಳೋ ಹೊತ್ತಿಗೆ ಅವನು ಬೆವತು ತೊಪ್ಪೆ ಆಗಿದ್ದ, ಪಾಪ. ಮಗು ನೋಡಿದ್ರೆ ಗೊರ್ರ್ ಅಂತ ನಿದ್ದೆ. ಸುತ್ತಿಗೆ ಹೊಡೆದ್ರೂ ಎಚ್ಚರ ಇಲ್ಲ."

"ಹೌದಾ?"

"ಹೂಂ." ನಲ್ಲಿ ನಿಂತಿತು. ಅವನು ಟವೆಲ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡ. "ಇವಳೇ, ಒಂದು ಕೇಳ್ಲಾ? ಬೈಬಾರದು."

"ಕೇಳ್ರೀ."

"ನಮ್ ಪುಟ್ಟಿ ಮಲಗ್ವಾಗ ಯಾವ ಕಡೆ ಮುಖ ಮಾಡ್ತಿದ್ಲು? ಗೋಡೆ ಕಡೆನಾ, ಬಾಗಿಲ ಕಡೆನಾ? ಬಸ್ಸಲ್ಲಿ ಬರ್ತಾ ಪೂರ್ತಿ ಅದೇ ತಲೇಲಿ. ಎಷ್ಟು ತಿಣುಕಿದ್ರೂ ಬರ್ತಿಲ್ಲ ಕಣೇ. ನಾನು ರಾತ್ರಿ ತಡವಾಗಿ ಬಂದು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಏನು ನೋಡ್ತಿದ್ದೆ, ಮುಖಾನಾ, ಬೆನ್ನಾ?"

ಅವಳ ಕೈಯಲ್ಲಿ ತಟ್ಟೆ ಇತ್ತು. ಅದನ್ನು ಜೋಪಾನವಾಗಿ ಕೆಳಗಿಟ್ಟಳು. ಕಣ್ಣು ಮುಚ್ಚುವ ಅಗತ್ಯವಿರಲಿಲ್ಲ; ಅದು ಈಗ ಕಣ್ಣು ತೆರೆದಿದ್ದರೂ ಬರುತ್ತಿತ್ತು. ಓಣಿ, ಹೊಸಿಲು, ಮಂಚ. ಅದರ ಹಿಂದೆ, ಅದಕ್ಕೂ ಹಿಂದೆ, ಬೇರೆ ಏನಾದರೂ ಇದೆಯೇ ಎಂದು ತಡಕಿದಳು. ಕೆದರಿದ ಕೂದಲಿನ ಒಂದು ಎಳೆ, ಬೆವರಿದ ಕತ್ತು, ಏನಾದರೂ. ಗಂಡ ಕಾಯುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ಅವಳ ಬಳಿ ಬಿಟ್ಟದ್ದರಲ್ಲಿ ಇದೊಂದನ್ನು ವಾಪಸು ಕೇಳುತ್ತಿದ್ದ.

"ಬಾಗಿಲ ಕಡೆ," ಎಂದಳು.

"ಬಾಗಿಲ ಕಡೆ!" ಅವನ ಮುಖ ಅರಳಿತು. "ಹೌದು ಹೌದು. ಈಗ ಬಂತು ನೋಡು. ನನ್ ಕಡೆಗೇ ಮುಖ. ತುಟಿ ಸ್ವಲ್ಪ ಹೀಗೆ ಉಬ್ಬಿಸ್ಕೊಂಡು, ಅಪ್ಪ ಲೇಟಾಗಿ ಬಂದ ಅಂತ ಮುನಿಸ್ಕೊಂಡ ಹಾಗೆ. ಅಲ್ವಾ?"

ತುಟಿಯ ಮಾತನ್ನು ಅವಳು ಹೇಳಿರಲಿಲ್ಲ. ಪಾಠದ ದಿನಗಳಲ್ಲಿ ನಿದ್ದೆಯಲ್ಲೋ ನಗುವಿನಲ್ಲೋ ಬಾಯಿಬಿಟ್ಟಿದ್ದಳೋ, ಅಥವಾ ಮಗು ನಿಜವಾಗಿಯೂ ಹಾಗೆ ಮಲಗುತ್ತಿತ್ತೋ, ಬೊಂಬೆಯ ತುಟಿಯನ್ನು ತಾನೇ ಅಲ್ಲಿಂದ ತೆಗೆದುಕೊಂಡಿದ್ದಳೋ, ತಿಳಿಯುವ ದಾರಿ ಇರಲಿಲ್ಲ. ಕೇಳಲು ಇದ್ದವರು ಇಬ್ಬರೇ, ಆ ಇಬ್ಬರೂ ಈಗ ಒಂದೇ ಚಿತ್ರವನ್ನು ನೋಡುತ್ತಿದ್ದರು.

"ಅಲ್ವೇನೇ?"

"ಹೌದು ರೀ."

"ನಿನ್ ತಲೆ ಒಂದು ಇಲ್ದೆ ಇದ್ದಿದ್ರೆ," ಎಂದ ಅವನು. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಹಾಲಿಗೆ ಹೋದ. ಅಲ್ಲಿ ದೀಪ ಹಾಕದೆ ಕುರ್ಚಿಯಲ್ಲಿ ಕೂತು, ತನಗೆ ಸಿಕ್ಕಿದ್ದನ್ನು ನೋಡುತ್ತಿರುವವನಂತೆ ಕಣ್ಣು ಮುಚ್ಚಿಕೊಂಡ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವಳು ಕಂಡು ಬಹಳ ಕಾಲವಾಗಿತ್ತು.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಹೇಳಬೇಕಾದ ಮಾತುಗಳು ಸರಿಯಾದ ಕ್ರಮದಲ್ಲೇ ಬಾಯಿಗೆ ಬಂದು ನಿಂತಿದ್ದವು. ಅದು ನಮ್ಮ ಮಗು ಅಲ್ಲ ರೀ. ನಾನೇ ತಂದಿಟ್ಟಿದ್ದು. ಹೇಳಿದರೆ ಅವನ ಮಂಚವೂ ಬರಿದಾಗುತ್ತದೆ. ಅವಳು ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು, ಒಣಗಿದ್ದನ್ನೇ ಇನ್ನೊಂದು ಸಲ ಒರೆಸಿದಳು. ಇವನಿಗೆ ಹೇಳುವುದಿಲ್ಲ. ಮೇಷ್ಟ್ರಿಗಾಗಲಿ ಕೌಂಟರಿನ ಹುಡುಗಿಗಾಗಲಿ ಇನ್ನಾರಿಗೇ ಆಗಲಿ, ಇದನ್ನು ಎಂದಿಗೂ ಹೇಳುವುದಿಲ್ಲ.